ಹಮಾಲನ ಪರವಾಗಿ ಒಂದು ಸುಳ್ಳು

ಸುಳ್ಳು ಹೇಳಬೇಕಾದರೆ ಮುಖ ಗಟ್ಟಿ ಇರಬೇಕು. ಕತ್ತರಿಗೆ ಅದು ಇರಲಿಲ್ಲ. ಬೆಳಿಗ್ಗೆ ಒಡತಿಯ ಕೋಣೆಗೆ ಹೋಗಿ, "ನನಗೆ ಆಕಾಶದ ಹಡಗಿನ ಕಾದಂಬರಿನೇ ಹಿಡಿಸ್ತು ಮೇಡಂ" ಎಂದು ಹೇಳಿ ಹೊರಬಿದ್ದವಳು ಸೀದಾ ಮೆಟ್ಟಿಲ ಬಳಿಯ ನಲ್ಲಿಗೆ ಹೋಗಿ ಮುಖ ತೊಳೆದುಕೊಂಡಳು. ಇಷ್ಟು ವರ್ಷ ಕಂಡವರ ಬರಹದಲ್ಲೆಲ್ಲ ಸುಳ್ಳು ಎಲ್ಲಿದೆ ಎಂದು ಹುಡುಕಿ ಕೆಂಪು ಗೆರೆ ಎಳೆದವಳು, ತಾನೇ ಒಂದು ಸುಳ್ಳು ಹೇಳಲು ಹೋಗಿ ಬೆವತುಹೋಗಿದ್ದಳು.

ಕತ್ತರಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ ಬಿಡಿ. ಅವಳು ಒಂದು ಪುಸ್ತಕ ಪ್ರಕಾಶನದ ಸಂಪಾದಕಿ. ಲೇಖಕರು ಮುದ್ದು ಮಾಡಿ ತಂದ ವಾಕ್ಯಗಳನ್ನು ಮುಲಾಜಿಲ್ಲದೆ ಕತ್ತರಿಸುತ್ತಿದ್ದಳು, ಅದಕ್ಕೆ ಆ ಹೆಸರು. ಎದುರಿಗೆ ಯಾರೂ ಕರೆಯುತ್ತಿರಲಿಲ್ಲ. ಅವಳಿಗೆ ಗೊತ್ತಿರಲಿಲ್ಲ ಎಂದೇನೂ ಅಲ್ಲ.

ಆ ಪ್ರಕಾಶನದಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಮಾಯೆ ಮಂತ್ರದ್ದೋ ಗ್ರಹ ನಕ್ಷತ್ರದ್ದೋ ಆದ ಕಲ್ಪನೆಯ ಕಾದಂಬರಿಯನ್ನು ಅವರು ವರ್ಷಕ್ಕೆ ಒಂದೇ ಒಂದು ಅಚ್ಚು ಹಾಕುತ್ತಿದ್ದರು. ಜರಡಿ ಹಿಡಿದು ಹಿಡಿದು ಕೊನೆಗೆ ಎರಡು ಹಸ್ತಪ್ರತಿ ಉಳಿದಾಗ, ಆಯ್ಕೆಯ ಮೂವರೂ ಒಬ್ಬೊಬ್ಬರಾಗಿ ಒಡತಿಯ ಕೋಣೆಗೆ ಹೋಗಿ ತಮಗೆ ಯಾವುದು ಇಷ್ಟ ಎಂದು ಬಾಯಲ್ಲಿ ಹೇಳಬೇಕು. ಆಮೇಲೆ ಎಲ್ಲರೂ ಮೇಜಿನ ಸುತ್ತ ಕೂತು, ತಮಗೆ ಇಷ್ಟವಿಲ್ಲದ್ದರ ಪರವಾಗಿ ವಾದ ಮಾಡಬೇಕು. ಅಡ್ಡವಾದ ಎಂದು ಅದಕ್ಕೆ ಹೆಸರು. ಒಡತಿಯ ತಂದೆ ಹಾಕಿಕೊಟ್ಟ ಕಟ್ಟಳೆ. ಇಷ್ಟವಾದದ್ದನ್ನು ಯಾರು ಬೇಕಾದರೂ ಹೊಗಳುತ್ತಾರೆ, ಇಷ್ಟವಿಲ್ಲದವರ ಬಾಯಲ್ಲೂ ಹೊಗಳಿಸಿಕೊಂಡ ಪುಸ್ತಕದಲ್ಲಿ ಏನೋ ಇರಲೇಬೇಕು ಎಂಬುದು ಆ ಮಹಾಶಯರ ತರ್ಕ. ವಾದ ಕೇಳಿ ಕೊನೆಗೆ ಒಡತಿ ತೀರ್ಪು ಕೊಡುತ್ತಿದ್ದರು.

ಹಾಗಾದರೆ ಇಂಥದ್ದೇ ಪುಸ್ತಕ ಗೆಲ್ಲಲಿ ಎಂದು ಹಟ ತೊಟ್ಟವರು ಏನು ಮಾಡಬೇಕು? ಇನ್ನೊಂದು ಇಷ್ಟ ಎಂದು ಹೇಳಬೇಕು. ಆಗ ಬೇಕಾದ ಪುಸ್ತಕದ ಪರ ಬಾಯಿತುಂಬ ವಾದಿಸಬಹುದು. ಕತ್ತರಿ ಮಾಡಿದ್ದು ಅದನ್ನೇ. ಏಕೆಂದರೆ ಅವಳಿಗೆ ಬೇಕಾಗಿದ್ದ ಪುಸ್ತಕ ಅವಳ ತಮ್ಮನದು.

ಹಸ್ತಪ್ರತಿಗಳ ಮೇಲೆ ಹೆಸರು ಇರುತ್ತಿರಲಿಲ್ಲ. ಯಾರದು ಎಂದು ಒಡತಿಯೊಬ್ಬರಿಗೆ ಗೊತ್ತು. ತಮ್ಮನೂ ಮನೆಯಲ್ಲಿ ತುಟಿಪಿಟಿಕ್ ಅಂದಿರಲಿಲ್ಲ. ಅವನು ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಿದ್ದ. ಅವನ ಮಾತು ತಡವರಿಸುತ್ತಿತ್ತು, ಚಿಕ್ಕಂದಿನಿಂದಲೂ. ಯಂತ್ರದ ಗಿರ್ ಸದ್ದಿನಲ್ಲಿ ಯಾರೊಂದಿಗೂ ಮಾತಾಡಬೇಕಾಗಿಲ್ಲ ಎಂದೇ ಆ ಕೆಲಸ ಹುಡುಕಿಕೊಂಡಿದ್ದ. ಸಂಜೆ ಮನೆಗೆ ಬಂದು ಬಾಗಿಲು ಹಾಕಿಕೊಂಡು ಏನೋ ಬರೆಯುತ್ತಾನೆ ಎಂದು ಅಕ್ಕನಿಗೆ ಗೊತ್ತಿತ್ತು. ಏನು ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದ.

ಆದರೆ ಆ ಹಸ್ತಪ್ರತಿಯ ಮೂರನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಕತ್ತರಿಗೆ ಇದು ಯಾರದೆಂದು ಗೊತ್ತಾಗಿಹೋಗಿತ್ತು. ಕಥೆ ಒಂದು ಕೋಟೆಯ ಊರಿನದು. ಅಲ್ಲಿಗೆ ಮಾತುಮುಕ್ಕ ಎಂಬ ಪ್ರಾಣಿ ಬರುತ್ತದೆ. ಯಾರಾದರೂ ಒಂದು ಪದವನ್ನು ಪೂರ್ತಿ ಆಡಿದ ಕೂಡಲೇ ಆ ಪದವನ್ನೂ ಆಡಿದವರ ದನಿಯನ್ನೂ ನುಂಗಿಬಿಡುತ್ತದೆ. ಮಂತ್ರವಾದಿಗಳೆಲ್ಲ ಒಬ್ಬೊಬ್ಬರಾಗಿ ಮೂಕರಾಗುತ್ತಾರೆ. ಕೊನೆಗೆ ಕೋಟೆ ಬಾಗಿಲಿನ ಎದುರು ನಿಲ್ಲುವವನು ಮೂಟೆ ಹೊರುವ ಒಬ್ಬ ಹಮಾಲ. ಅವನಿಗೆ ಮಾತು ತಡೆಯುತ್ತದೆ. ಮಾತುಮುಕ್ಕನಿಗೋ ಶುರುವಾದ ಪದ ಮುಗಿಯುವವರೆಗೆ ಕದಲಲು ಆಗದು. ಅದು ಬಾಯಿ ತೆರೆದುಕೊಂಡು ಕಾಯುತ್ತದೆ, ಹಮಾಲ ತಡವರಿಸುತ್ತಲೇ ಇರುತ್ತಾನೆ, ಸೂರ್ಯ ಹುಟ್ಟಿ ಬಿಸಿಲು ತಾಗಿ ಅದು ಬೂದಿಯಾಗುವವರೆಗೆ.

ಇದು ಯಾರಾದರೂ ಬರೆಯಬಹುದಾಗಿದ್ದ ಕಥೆ. ಆದರೆ ಆ ಹಮಾಲನಿಗೊಬ್ಬಳು ಅಕ್ಕ ಇದ್ದಳು. ಸಂತೆಯಲ್ಲಿ, ಬೀದಿಯಲ್ಲಿ, ತಮ್ಮ ಬಾಯಿ ತೆರೆದ ಕೂಡಲೇ ಅವನ ಮಾತನ್ನು ತಾನೇ ಮುಗಿಸಿಕೊಡುತ್ತಿದ್ದಳು. ಅವನು ಕೆಂ... ಕೆಂ... ಎಂದು ಕೆಂಪು ರುಮಾಲು ಕೇಳಹೊರಟರೆ ಇವಳು ಕೆಂಚು ರುಮಾಲು ಕೊಡಿಸುತ್ತಿದ್ದಳು, ಅವನು ಹಾಗೇ ಸುತ್ತಿಕೊಳ್ಳುತ್ತಿದ್ದ. "ಅಕ್ಕ ಮುಗಿಸಿದ ಮಾತುಗಳಲ್ಲಿ ಅರ್ಧ ನನ್ನವಲ್ಲ" ಎಂದು ಹಮಾಲ ಒಂದು ಕಡೆ ಅಂದುಕೊಳ್ಳುತ್ತಾನೆ. ಆ ಸಾಲಿನ ಕೆಳಗೆ ಪೆನ್ಸಿಲ್ ಇಟ್ಟ ಕತ್ತರಿಗೆ ಗೆರೆ ಎಳೆಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಬರೆದವರು ತಮ್ಮವರು ಎಂದು ಗೊತ್ತಾದರೆ ಮೇಜು ಬಿಟ್ಟು ಏಳಬೇಕು ಎಂದೂ ಒಂದು ಕಟ್ಟಳೆ ಇತ್ತು. ಕತ್ತರಿ ಏಳಲಿಲ್ಲ. ಅವಳ ಲೆಕ್ಕಾಚಾರ ಹೀಗಿತ್ತು: ತಾನು ಎದ್ದರೆ ಉಳಿಯುವವರು ಇಬ್ಬರು. ಒಬ್ಬ ಮಾರಾಟದ ಮುಖ್ಯಸ್ಥ. ಯಾವ ಹಸ್ತಪ್ರತಿ ಬಂದರೂ ಮೊದಲು ಅಂಗೈ ಮೇಲಿಟ್ಟು ತೂಕ ನೋಡುವ ಆಸಾಮಿ, ಎಲ್ಲರೂ ಅವನನ್ನು ತಕ್ಕಡಿ ಎನ್ನುತ್ತಿದ್ದರು. ಕತ್ತಿ ಕಾಳಗ ಇಲ್ಲದ ಪುಸ್ತಕ ಮಾರುವುದು ಕಷ್ಟ ಎಂಬುದು ಅವನ ವರಾತ. ಇನ್ನೊಬ್ಬಳು ಮುಖಪುಟ ಬರೆಯುವ ಚಿತ್ರಗಾರ್ತಿ, ನಕ್ಷತ್ರ ಕಂಡರೆ ಸಾಕು ಕುಂಚ ಕೈಗೆತ್ತಿಕೊಳ್ಳುವವಳು. ಇವರ ಕೈಗೆ ಬಿಟ್ಟರೆ ನನ್ನ ತಮ್ಮನ ಗತಿ ಏನು ಎಂದು ಅವಳಿಗೆ ದಿಗಿಲು. ಎಷ್ಟೋ ವರ್ಷದ ದುಡಿಮೆ ಅದು. ಈ ಸಲ ಬಿದ್ದರೆ ಅವನು ಇನ್ನೊಂದು ಸಲ ಬಾಗಿಲು ತಟ್ಟುವ ಪೈಕಿ ಅಲ್ಲ.

ಅಂತೂ ಎಲ್ಲರೂ ಮೇಜಿಗೆ ಬಂದು ಕೂತರು. ಕಿಟಕಿ ತೆರೆದಿತ್ತು, ಕೆಳಗಿನ ಅಚ್ಚುಯಂತ್ರದ ದಡಬಡ ಸದ್ದಿಗೆ ಲೋಟದ ನೀರು ಅಲುಗುತ್ತಿತ್ತು. ಒಡತಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, "ಇಬ್ಬರೂ ನಾಯಕರನ್ನ ಎದುರಾಬದುರು ನಿಲ್ಲಿಸಿ. ಇಬ್ಬರನ್ನೂ ಜನ ಕೈಲಾಗದವರು ಅಂದ್ಕೊಂಡಿದ್ರು. ಯಾರ ಕಥೆ ಹೆಚ್ಚು ನಾಟುತ್ತೆ, ಅಷ್ಟು ಹೇಳಿ ಸಾಕು" ಎಂದರು. "ಯಾರ್ಯಾರು ಯಾರ ಪರ ಅಂತ ನಾನೇ ಹೇಳ್ತೀನಿ. ಕತ್ತರಿ, ನೀನು ಹಮಾಲನ ಪರ."

ಎದುರಿಗೇ ಕತ್ತರಿ ಎಂದುಬಿಟ್ಟರು. ಚಿತ್ರಗಾರ್ತಿ ನಗು ತಡೆದುಕೊಂಡಳು.

"ಚಿತ್ರಗಾರ್ತಿ, ನೀನೂ ಹಮಾಲನ ಪರ. ತಕ್ಕಡಿ, ನೀನು ಆಕಾಶದ ಹಡಗಿನವನ ಪರ."

ಕತ್ತರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ತಕ್ಕಡಿ ಹಡಗಿನವನ ಪರ ವಾದಿಸಬೇಕು ಅಂದರೆ, ಬೆಳಿಗ್ಗೆ ಅವನು ಹಮಾಲನೇ ಇಷ್ಟ ಎಂದಿದ್ದಾನೆ. ಕತ್ತಿ ಕಾಳಗದ ತಕ್ಕಡಿ. ಅವಳು ಅವನ ಮುಖ ನೋಡಿದಳು. ಅವನು ಸುಮ್ಮನೆ ಲೋಟದ ನೀರು ಅಲುಗುವುದನ್ನು ನೋಡುತ್ತ ಕೂತಿದ್ದ. ಇವನೂ ನನ್ನ ಹಾಗೇ ಸುಳ್ಳು ಹೇಳಿರಬೇಕು ಎಂದು ಅವಳು ಸಮಾಧಾನ ಮಾಡಿಕೊಂಡಳು.

ಮೊದಲು ಅವಳದೇ ಸರದಿ. ಮಾತು ತಾನಾಗಿ ಹರಿಯಿತು. "ಸಾಮಾನ್ಯವಾಗಿ ಇಂಥ ಕಥೆಗಳಲ್ಲಿ ಏನಾಗುತ್ತೆ? ಕುಂಟನಿಗೆ ಕೊನೆಗೆ ಕಾಲು ಬರುತ್ತೆ, ಮೂಗನಿಗೆ ಮಾತು ಬರುತ್ತೆ. ಇಲ್ಲಿ ಹಾಗಾಗಲ್ಲ. ಹಮಾಲನ ಮಾತು ಸರಿಹೋಗಲ್ಲ, ಸರಿಹೋಗಿದ್ರೆ ಊರು ಉಳೀತಾ ಇರ್ಲಿಲ್ಲ. ಎಲ್ಲರೂ ಯಾವುದನ್ನ ಕೊರತೆ ಅಂದ್ರೋ ಅದನ್ನೇ ಹಿಡ್ಕೊಂಡು ಅವನು ಬೆಳಗಿನವರೆಗೂ ನಿಲ್ತಾನೆ. ಅವನು ಗೆದ್ದಿದ್ದು ಬೇರೆ ಮನುಷ್ಯ ಆಗಿ ಅಲ್ಲ. ಅವನಾಗೇ ಗೆದ್ದ."

ಒಡತಿ ತಕ್ಕಡಿಯತ್ತ ಕೈ ಮಾಡಿದರು.

ತಕ್ಕಡಿ ಎರಡನೇ ಹಸ್ತಪ್ರತಿಯನ್ನು ಅಂಗೈ ಮೇಲಿಟ್ಟುಕೊಂಡ. "ಇದರಲ್ಲಿ ನಾಯಕನಿಗೆ ಹೆಸರೇ ಇಲ್ಲ, ಬಿಡಿಭಾಗ ಅಂತ ಕರೀತಾರೆ. ಹಡಗಿನ ಕಪ್ತಾನನಿಗೆ ಏನಾದ್ರೂ ಆದ್ರೆ ಅಂಗ ತೆಗೆದು ಜೋಡಿಸೋಕೆ ಅಂತಲೇ ಸಾಕಿರೋ ಮನುಷ್ಯ. ಒಂದು ಮೂತ್ರಪಿಂಡ ಹೋಯ್ತು, ಒಂದು ಕಣ್ಣೂ ಹೋಯ್ತು. ಪ್ರತಿ ಸಲನೂ ಎಲ್ಲರೂ ಕೈ ಮುಗಿದು ಉಪಕಾರ ಆಯ್ತು ಅಂತಾರೆ. ಕೊನೆಗೆ ಕಪ್ತಾನನಿಗೆ ತಲೆ ಕೆಟ್ಟು, ಹೊರೆ ಕಮ್ಮಿ ಮಾಡೋಕೆ ಕೆಳಗಿನ ಅಂತಸ್ತಲ್ಲಿ ಮಲಗಿರೋ ಸಾವಿರಾರು ಜನರನ್ನ ಹೊರಗೆ ಎಸೆಯೋಕೆ ಹೊರಡ್ತಾನೆ. ಹಡಗಿನ ಬೀಗಗಳೆಲ್ಲ ಕಪ್ತಾನನ ಕಣ್ಣು ನೋಡಿ ತೆರೀತವೆ. ಆ ಕಣ್ಣು ಯಾರದು? ಬಿಡಿಭಾಗದ್ದು. ಅದರ ಜೋಡಿ ಇನ್ನೂ ಅವನ ಹತ್ರಾನೇ ಇದೆ ಅನ್ನೋದು ಒಬ್ಬರಿಗೂ ಹೊಳೆದಿರಲ್ಲ. ಅವನು ಆ ಜನ ಮಲಗಿರೋ ಅಂತಸ್ತಿಗೆ ಹೋಗಿ ಒಳಗಿಂದ ಬೀಗ ಹಾಕಿ, ಆಗಲ್ಲ ಅಂತಾನೆ. ಇಡೀ ಪುಸ್ತಕದಲ್ಲಿ ಅವನು ಆಗಲ್ಲ ಅನ್ನೋದು ಅದೊಂದೇ ಸಲ."

ಅವನು ಹಸ್ತಪ್ರತಿ ಕೆಳಗಿಟ್ಟ. "ಹಮಾಲನನ್ನ ನೋಡಿ ನಗ್ತಾರೆ. ನಗೋರನ್ನ ಎದುರಿಸಬಹುದು ಮೇಡಂ, ಬೈದಾದ್ರೂ ಬಿಡಬಹುದು. ದಿನಾ ಉಪಕಾರ ಆಯ್ತು ಅನ್ನೋರನ್ನ ಎದುರಿಸೋದು ಹೇಗೆ? ಅದಕ್ಕೆ ಬಿಡಿಭಾಗದ್ದು ಇನ್ನೂ ಕಷ್ಟದ ಗೆಲುವು."

ಈ ಮನುಷ್ಯ ಇಷ್ಟು ಚೆನ್ನಾಗಿ ಓದುತ್ತಾನೆ ಎಂದು ಕತ್ತರಿ ಎಣಿಸಿಯೇ ಇರಲಿಲ್ಲ. ಅಷ್ಟರಲ್ಲಿ ಚಿತ್ರಗಾರ್ತಿ ಒಲ್ಲದ ಮನಸ್ಸಿನಿಂದ ಹಮಾಲನ ಪರ ಶುರು ಮಾಡಿದ್ದಳು.

"ನನಗೆ ಈ ಕೋಟೆ ಗೀಟೆ ಅಷ್ಟಕ್ಕಷ್ಟೆ. ಆದ್ರೂ ಒಂದು ಒಪ್ಕೋಬೇಕು. ಇವನನ್ನ ಕಮ್ಮಿ ಅಂದ್ಕೊಂಡೋರು ನಗೋ ಜನ ಅಂತ ತಕ್ಕಡಿ ಹೇಳ್ತಾರೆ. ನನಗೆ ಹಾಗೆ ಕಾಣಲಿಲ್ಲ. ನಗೋರು ಅವನ ಮಾತು ಮುಗಿಯೋವರೆಗಾದ್ರೂ ನಿಂತು ನಗ್ತಾರೆ. ಅವನ ಅಕ್ಕ ನಿಲ್ಲೋದೇ ಇಲ್ಲ. ಕೋಟೆ ಬಾಗಿಲಲ್ಲಿ ಅವನು ಪದ ಹಿಡ್ಕೊಂಡು ನಿಂತಾಗ, ಪಾಪ ಅನ್ನಿಸಿ ಹಿಂದಿನಿಂದ ಮುಗಿಸಿಬಿಡ್ತಾಳೆ. ಅವಳ ದನಿಯೂ ಹೋಯ್ತು, ಆ ಪ್ರಾಣಿ ಒಂದು ಹೆಜ್ಜೆ ಒಳಗೂ ಬಂತು. ಅವನು ಮತ್ತೆ ಮೊದಲಿಂದ ಶುರು ಮಾಡ್ಬೇಕು. ಆ ಪುಟ ಓದುವಾಗ ಅವಳಿಗೆ ಎರಡು ಬಾರಿಸೋಣ ಅನ್ನಿಸ್ತು."

ಕತ್ತರಿ ಮೇಜಿನ ಕೆಳಗೆ ಬೆರಳು ಹಿಸುಕಿಕೊಂಡಳು. ಮುಗಿಯಿತಲ್ಲ, ಇನ್ನು ತೀರ್ಪು ಒಂದೇ, ಇಬ್ಬರು ಹಮಾಲನ ಪರ ಮಾತಾಡಿದ್ದಾರೆ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡಳು.

ಒಡತಿ ಕನ್ನಡಕ ಏರಿಸಿದರು. "ವಾದ ಚೆನ್ನಾಗಿತ್ತು. ಆದ್ರೆ ಈ ಸಲ ಅದು ಲೆಕ್ಕಕ್ಕಿಲ್ಲ."

ಮೂವರೂ ತಲೆ ಎತ್ತಿದರು.

"ನಮ್ಮಪ್ಪ ಹಾಕಿದ ಪದ್ಧತಿಗೆ ಈ ಆಫೀಸಲ್ಲಿ ಕಳ್ಳದಾರಿ ಹುಡುಕಿದ್ದಾರೆ ಅಂತ ನನಗೆ ಗೊತ್ತು. ಬೇಕಾದ್ದನ್ನ ಬೇಡ ಅನ್ನೋದು, ಆಮೇಲೆ ಅದರ ಪರಾನೇ ಭಾಷಣ ಹೊಡೆಯೋದು. ನನ್ನ ಕಣ್ಣಿಗೆ ಮಣ್ಣೆರಚಿದ್ದು ಸಾಕು. ಬೆಳಿಗ್ಗೆ ಒಬ್ಬೊಬ್ಬರೂ ನನ್ನ ಮುಂದೆ ಏನು ಹೇಳಿದ್ರೋ ಅದೇ ನಿಮ್ಮ ಮತ. ನಿಜ ಹೇಳಿದೋರಿಗೆ ಇದರಿಂದ ನಷ್ಟ ಏನೂ ಇಲ್ಲ. ಹಮಾಲನಿಗೆ ಒಂದು, ಬಿಡಿಭಾಗಕ್ಕೆ ಎರಡು. ಬಿಡಿಭಾಗ ಅಚ್ಚಿಗೆ ಹೋಗುತ್ತೆ."

"ಆಯ್ತು ಬಿಡಿ" ಎಂದು ತಕ್ಕಡಿ ನಿಟ್ಟುಸಿರು ಬಿಟ್ಟ. "ನನಗೆ ಹಮಾಲನೇ ಬೇಕಿತ್ತು. ನನ್ನ ಮಗಳಿಗೆ ಓದಿ ಹೇಳಿದ್ದೆ, ಅವಳು ಬಾಗಿಲ ಹತ್ರದ ಭಾಗ ಮತ್ತೆ ಮತ್ತೆ ಓದಿಸಿದಳು."

ಅವನು ಸುಳ್ಳು ಹೇಳಿರಲಿಲ್ಲ. ಬೆಳಿಗ್ಗೆ ಕತ್ತರಿ ಮನಸ್ಸಿನಲ್ಲಿದ್ದುದನ್ನು ಮನಸ್ಸಿನಲ್ಲಿದ್ದಂತೆ ಹೇಳಿದ್ದರೆ ಹಮಾಲನಿಗೆ ಎರಡು ಮತ. ತಮ್ಮ ಯಾರ ಹಂಗೂ ಇಲ್ಲದೆ ಗೆದ್ದಿರುತ್ತಿದ್ದ. ಈಗ ಸೋಲಿಸಿದವಳು ಅವಳು, ಬೇರಾರೂ ಅಲ್ಲ.

ಒಡತಿ ಕುರ್ಚಿ ಹಿಂದಕ್ಕೆ ತಳ್ಳುತ್ತಿದ್ದರು.

"ಮೇಡಂ, ನಾನು ಬೆಳಿಗ್ಗೆ ಹೇಳಿದ್ದು ಸುಳ್ಳು" ಎಂದಳು ಕತ್ತರಿ. "ನನ್ನ ಮತ ಹಮಾಲನಿಗೆ."

ಒಡತಿ ಕೂತರು. "ಸುಳ್ಳು ಅಂತ ನೀನೇ ಒಪ್ಕೊಂಡ ಮೇಲೆ ಅದನ್ನ ಹಿಡ್ಕೊಂಡು ಕೂರೋಕಾಗಲ್ಲ. ಹಾಗಾದ್ರೆ ಎರಡು ಒಂದು. ಹಮಾಲ ಗೆದ್ದ." ಅವಳ ಉಸಿರು ಒಂದಿಷ್ಟು ಸಡಿಲವಾಗುವಷ್ಟರಲ್ಲಿ ಅವರು ಮತ್ತೆ ಕೇಳಿದರು, "ಯಾಕೆ ಸುಳ್ಳು ಹೇಳಿದೆ?"

"ಎಲ್ಲರೂ ಹೇಳ್ತಾರಲ್ಲ ಮೇಡಂ."

"ಎಲ್ಲರ ಮಾತು ಬೇಡ. ನೀನು ಇಷ್ಟು ವರ್ಷದಲ್ಲಿ ಒಂದು ಸಲನೂ ಹೇಳಿಲ್ಲ. ಲೇಖಕರು ಅತ್ತು ಕರೆದು ಮಾಡಿದ್ರೂ ಚೆನ್ನಾಗಿಲ್ಲದ್ದನ್ನ ಚೆನ್ನಾಗಿದೆ ಅಂದವಳಲ್ಲ. ಈ ಪುಸ್ತಕಕ್ಕೆ ಮಾತ್ರ ಯಾಕೆ?" ಒಡತಿಯ ದನಿ ತಗ್ಗಿತು. "ಬರೆದೋರು ಯಾರು ಅಂತ ನಿನಗೆ ಗೊತ್ತಾ?"

ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಪುಸ್ತಕ ಗೆದ್ದಾಗಿತ್ತು. ಒಂದೇ ಒಂದು ಮಾತು, ಅದೂ ಇನ್ನೊಂದು ಸುಳ್ಳು, ಅಷ್ಟೇ. ಚಿತ್ರಗಾರ್ತಿ ಅವಳನ್ನೇ ನೋಡುತ್ತಿದ್ದಳು. ಕೆಳಗೆ ಅಚ್ಚುಯಂತ್ರ ನಿಂತು ಕೋಣೆ ನಿಶ್ಶಬ್ದವಾಯಿತು. ಕತ್ತರಿ ಬಾಯಿ ತೆರೆದಳು. ಆದರೆ ಮೊದಲೇ ಹೇಳಿದೆನಲ್ಲ, ಅವಳ ಮುಖ ಗಟ್ಟಿಯಿರಲಿಲ್ಲ.

"ನನ್ನ ತಮ್ಮ" ಎಂದಳು.

ತಕ್ಕಡಿ ಹಣೆಗೆ ಕೈ ಹಚ್ಚಿಕೊಂಡ. ಒಡತಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು, ಸಿಟ್ಟು ಬಂದಾಗ ಅವರು ಇನ್ನೂ ಮೆಲ್ಲಗೆ ಮಾತಾಡುತ್ತಿದ್ದರು. "ಅವನು ಹೇಳಿ ಕಳಿಸಿದ್ನಾ?"

"ಇಲ್ಲ. ನನಗೆ ಗೊತ್ತಾಗಿದೆ ಅಂತಾನೂ ಅವನಿಗೆ ಗೊತ್ತಿಲ್ಲ."

"ನಂಬೋದು ಹೇಗೆ? ಈಗಷ್ಟೇ ಸುಳ್ಳು ಹೇಳಿದೆ ಅಂತ ನಿನ್ನ ಬಾಯಲ್ಲೇ ಕೇಳಿದೀನಿ." ಒಡತಿ ಫೋನನ್ನು ಮೇಜಿನ ನಡುವೆ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಗುಂಡಿ ಒತ್ತಿದರು. "ಅವನನ್ನೇ ಕೇಳ್ತೀನಿ. ಅಕ್ಕ ತಮ್ಮ ಇಬ್ಬರೂ ಸೇರಿ ಹೂಡಿದ್ದಾದ್ರೆ ಪುಸ್ತಕಾನೂ ಹೊರಗೆ, ನೀನೂ ಹೊರಗೆ. ಅವನಿಗೇನೂ ಗೊತ್ತಿಲ್ಲ ಅಂದ್ರೆ ನಿನ್ನ ಮತ ಒಂದೇ ಹೊರಗೆ. ಯಾರೂ ಪಿಟ್ಟೆನ್ನಬಾರದು."

ಫೋನು ಹೊಡೆದುಕೊಂಡಿತು. ಆ ಕಡೆಯಿಂದ ಮೊದಲು ಕೇಳಿದ್ದು ಗಾಜು ಉಜ್ಜುವ ಯಂತ್ರದ ಸದ್ದು. ಅದು ನಿಧಾನವಾಗಿ ನಿಂತಿತು. ಒಡತಿ ತಾವು ಯಾರೆಂದು ಹೇಳಿ, "ನಿಮ್ಮ ಕಾದಂಬರಿ ಕೊನೇ ಸುತ್ತಲ್ಲಿದೆ. ತೀರ್ಮಾನಕ್ಕೆ ಮುಂಚೆ ಒಂದು ಪ್ರಶ್ನೆ. ನಮ್ಮಲ್ಲಿ ನಿಮ್ಮೋರು ಯಾರಾದ್ರೂ ಕೆಲಸ ಮಾಡ್ತಿದ್ದಾರಾ?" ಎಂದು ಕೇಳಿದರು.

ಉತ್ತರ ಇಲ್ಲ. ಉಸಿರಿನ ಸದ್ದು ಮಾತ್ರ. ಫೋನಿನಲ್ಲಿ ಅವನಿಗೆ ಯಾವಾಗಲೂ ಹೀಗೇ. ಎದುರಿಗಿದ್ದರೆ ಅವನ ಮುಖ ಕಾಣುತ್ತದೆ, ಫೋನಿನಲ್ಲಿ ಲೈನು ಕಟ್ಟಾಯಿತು ಎಂದುಕೊಂಡು ಜನ ಇಟ್ಟುಬಿಡುತ್ತಾರೆ. ಮನೆಗೆ ಬರುವ ಅವನ ಫೋನನ್ನೆಲ್ಲ ಕತ್ತರಿಯೇ ಎತ್ತಿಕೊಂಡು ಮಾತಾಡುತ್ತಿದ್ದಳು.

"ಹಲೋ? ಕೇಳಿಸ್ತಿದೆಯಾ?" ಒಡತಿಯ ಬೆರಳು ಗುಂಡಿಯ ಕಡೆಗೆ ಹೋಯಿತು. ತಕ್ಕಡಿ, ಲೈನು ಹೋಗಿರಬೇಕು ಎಂಬಂತೆ ಕೈಸನ್ನೆ ಮಾಡಿದ. ಕತ್ತರಿ ಮಾತಾಡಿದರೆ ಅವಳು ಇಲ್ಲಿದ್ದಾಳೆ ಎಂದು ತಮ್ಮನಿಗೆ ಗೊತ್ತಾಗುತ್ತದೆ, ಇಬ್ಬರೂ ಸೇರಿದ್ದಾರೆ ಎಂದೇ ಆಗುತ್ತದೆ. ಅವನು ಹೇಳಹೊರಟಿರುವ ಪದ ಅವಳ ನಾಲಿಗೆ ತುದಿಯಲ್ಲೇ ಇತ್ತು. ಕತ್ತರಿ ಮುಂದೆ ಬಾಗಿ ಒಡತಿಯ ಮಣಿಕಟ್ಟು ಹಿಡಿದುಕೊಂಡು, ಕಣ್ಣಲ್ಲೇ ಬೇಡ, ಇಡಬೇಡಿ ಎಂದು ಗೋಗರೆದಳು. ಒಡತಿ ಕೈ ಬಿಡಿಸಿಕೊಳ್ಳಲಿಲ್ಲ. ಎಲ್ಲರೂ ಕಾದರು.

"ಅ... ಅ... ಅಕ್ಕ ಇದ್ದಾಳೆ" ಎಂದಿತು ಫೋನು. "ಅವಳಿಗೆ ಇದು ನ... ನನ್ನದು ಅಂತ ಗೊತ್ತಿಲ್ಲ."

"ಯಾಕೆ ಹೇಳಲಿಲ್ಲ?"

ಮತ್ತೆ ಆ ಮೌನ. ಈ ಸಲ ಯಾರ ಕೈಯೂ ಗುಂಡಿಯ ಕಡೆ ಹೋಗಲಿಲ್ಲ.

"ದಯವಿಟ್ಟು ನೀವೂ ಹೇ... ಹೇಳ್ಬೇಡಿ ಮೇಡಂ. ಗೊತ್ತಾದ್ರೆ ಅವಳು ಸ... ಸಹಾಯ ಮಾಡ್ತಾಳೆ."

ಒಡತಿ ಕತ್ತರಿಯ ಕಡೆ ನೋಡದೆ, "ಆಗಲಿ, ಸಂಜೆಯೊಳಗೆ ವಿಷಯ ಗೊತ್ತಾಗುತ್ತೆ" ಎಂದು ಫೋನು ಇಟ್ಟರು. ಕತ್ತರಿ ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತೇನೋ. ಮೈಯೆಲ್ಲ ಸುಟ್ಟ ಹಾಗಾಗಿತ್ತು, ನಾಚಿಕೆಯಿಂದ.

"ನಿನ್ನ ಮತ ಹೊರಗೆ" ಎಂದರು ಒಡತಿ. "ಅಲ್ಲಿಗೆ ಒಂದೊಂದು. ಸಮ ಬಂದ್ರೆ ನಾನು ಹೇಳ್ಬೇಕು. ಇದು ನಿನಗೆ ಶಿಕ್ಷೆ ಅಂತ ತಿಳ್ಕೋಬೇಡ, ಎರಡನ್ನೂ ನಾನು ಹೋದ ವಾರಾನೇ ಓದಿ ಮುಗಿಸಿ ಮನಸ್ಸು ಮಾಡಿದ್ದೆ. ಹಮಾಲ ದೊಡ್ಡವನೇ. ಆದ್ರೆ ನನ್ನ ನಿದ್ದೆ ಕೆಡಿಸಿದ್ದು ಬಿಡಿಭಾಗ. ನಾನೂ ಜೀವಮಾನ ಪೂರ್ತಿ ಎಲ್ಲರಿಗೂ ಆಯ್ತು ಆಯ್ತು ಅಂದುಕೊಂಡೇ ಬಂದವಳು. ಅವನು ಒಳಗಿಂದ ಬೀಗ ಹಾಕಿದ ಕಡೆ ನಾನು ಪುಸ್ತಕ ಮುಚ್ಚಿ ಕೂತುಬಿಟ್ಟೆ. ನನ್ನ ಮತ ಅವನಿಗೆ." ಎದ್ದು ನಿಂತು, "ಎರಡು ಪುಸ್ತಕ ಹಾಕೋ ತಾಕತ್ತು ನನಗಿಲ್ಲ, ಅದು ನಿನಗೂ ಗೊತ್ತು. ತಮ್ಮನಿಗೆ ನೀನೇ ಹೋಗಿ ಹೇಳು. ಎಲ್ಲಾನೂ ಹೇಳು" ಎಂದರು.

ಬಾಗಿಲ ಬಳಿ ತಕ್ಕಡಿ ಅವಳ ಪಕ್ಕ ನಿಂತ. ಬಾಗಿಲು ತೆರೆದು ಹಿಡಿದು ಅವಳನ್ನು ಮುಂದೆ ಬಿಟ್ಟ. ಅವಳು ಬೆಳಿಗ್ಗೆ ನಿಜ ಹೇಳಿದ್ದರೆ ಎರಡು ಒಂದು ಆಗುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು.

ಸಂಜೆ ಅವಳು ಮನೆಗೆ ಬಂದಾಗ ತಮ್ಮ ಅಡುಗೆಮನೆಯ ತೊಟ್ಟಿಯಲ್ಲಿ ಉಗುರ ಸಂದಿಯ ಗಾಜಿನ ಪುಡಿ ತೊಳೆದುಕೊಳ್ಳುತ್ತಿದ್ದ. ಅಮ್ಮ ಒಳಗೆ ಟಿವಿಯ ಮುಂದೆ ಕೂತು ಧಾರಾವಾಹಿಯ ಸೊಸೆಗೆ ಬುದ್ಧಿ ಹೇಳುತ್ತಿದ್ದಳು. ತಮ್ಮ ಅಕ್ಕನ ಮುಖ ನೋಡಿದ್ದೇ ನಲ್ಲಿ ನಿಲ್ಲಿಸಿದ.

ಅವಳು ಚೀಲವನ್ನೂ ಕೆಳಗಿಡದೆ ಎಲ್ಲವನ್ನೂ ಹೇಳಿದಳು. ಮೂರನೇ ಅಧ್ಯಾಯದಲ್ಲೇ ಗೊತ್ತಾಗಿದ್ದು, ಮೇಜು ಬಿಟ್ಟು ಏಳದೆ ಕೂತದ್ದು, ಬೆಳಗಿನ ಸುಳ್ಳು, ತಕ್ಕಡಿಯ ಮತ, ಅವನು ಫೋನಿನಲ್ಲಿ ಮಾತಾಡುವಾಗ ತಾನು ಅಲ್ಲೇ ಇದ್ದುದು. ಯಾವುದನ್ನೂ ಮುಚ್ಚಿಡಲಿಲ್ಲ, ತನ್ನ ಪರವಾಗಿ ಒಂದು ಮಾತನ್ನೂ ಸೇರಿಸಲಿಲ್ಲ. ಅವನು ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತು ಕೇಳಿದ. ಬೈಯುತ್ತಾನೆ ಎಂದುಕೊಂಡಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನಿ... ನಿನಗೆ ಹೇಗನ್ನಿಸ್ತು?" ಎಂದು ಕೇಳಿದ. "ಪುಸ್ತಕ."

"ಇಷ್ಟು ವರ್ಷದಲ್ಲಿ ಅಂಥದ್ದು ಇನ್ನೊಂದು ನನ್ನ ಕೈಗೆ ಬಂದಿಲ್ಲ ಕಣೋ."

ಅವನು ಬಹಳ ಹೊತ್ತು ಪದ ಹುಡುಕಿದ. ಅವಳು ಚೀಲ ಹಿಡಿದುಕೊಂಡೇ ನಿಂತಿದ್ದಳು.

"ಅ... ಅಷ್ಟನ್ನೇ ಹೇಳಿದ್ರೆ ಸಾ... ಸಾಕಾಗಿತ್ತಲ್ಲ ಅಕ್ಕ" ಎಂದ.